ಲಪ್ಸೀಬೋಟ್ ಶಾಲೆಯ ಗೋಡೆ

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೊದಲ ವಾರ. ನೇಪಾಳದ ಗುಡ್ಡದ ಮೇಲಿನ ಲಪ್ಸೀಬೋಟ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳೆಲ್ಲ ಮಧ್ಯಾಹ್ನದ ತಿಂಡಿಗೆಂದು ಅಂಗಳಕ್ಕೆ ಓಡಿದ್ದರು. ಕೆಲವರ ಕೈಯಲ್ಲಿ ಅವಲಕ್ಕಿ, ಕೆಲವರ ಕೈಯಲ್ಲಿ ಹುರಿದ ಜೋಳ. ಆಗ ಎರಡನೇ ತರಗತಿಯ ಕೋಣೆಯೊಳಗೆ ದಡಾರೆಂದು ಸದ್ದಾಯಿತು. ಹೆಡ್‌ಸರ್ ತೀರ್ಥರಾಜ್ ಓಡಿಹೋಗಿ ನೋಡಿದರೆ, ಹಿಂದಿನ ಗೋಡೆಯ ಮಣ್ಣಿನ ಗಿಲಾವು ಹಪ್ಪಳದ ಹಾಗೆ ಕಳಚಿ ಬಿದ್ದಿತ್ತು. ಅದರ ಬೆನ್ನಿಗೇ ಎರಡು ಕಲ್ಲು ಜಾರಿ ಬಂದು ಕೊನೆಯ ಬೆಂಚಿನ ಹಲಗೆಯನ್ನು ಸೀಳಿದ್ದವು.

ಆ ಬೆಂಚಿನಲ್ಲಿ ದಿನವೂ ಕೂರುತ್ತಿದ್ದವಳು ನೀಮಾ. ಐತಮಾಯಾಳ ಮೊಮ್ಮಗಳು.

ಸುದ್ದಿಯನ್ನು ಮನೆಗೆ ತಂದವಳು ನೀಮಾಳ ತಾಯಿ ಡೋಲ್ಮಾ. ಅವಳು ಶಾಲಾ ಸಮಿತಿಯ ಸದಸ್ಯೆ. ಐತಮಾಯಾ ಒಲೆಯ ಮುಂದೆ ಕೂತು ರಾಗಿ ಮುದ್ದೆ ತಿರುವುತ್ತಿದ್ದಳು. ಸೊಸೆಯ ಮಾತು ಮುಗಿಯುವವರೆಗೆ ಕೋಲು ನಿಲ್ಲಿಸಲಿಲ್ಲ.

"ಗಿಲಾವು ತಾನೆ? ಮತ್ತೆ ಮೆತ್ತಿದ್ರಾಯ್ತು," ಅಂದಳು. "ಮುದುಕನಿಗೆ ಒಂದು ಹಲ್ಲು ಬಿತ್ತು ಅಂತ ಯಾರಾದ್ರೂ ಚಟ್ಟ ಕಟ್ತಾರಾ?"

"ಗಿಲಾವು ಮಾತ್ರ ಅಲ್ಲ ಆಮಾ, ಕಲ್ಲೂ ಬಿದ್ದಿದೆ," ಅಂದಳು ಡೋಲ್ಮಾ. ಅಲ್ಲಿ ಅಮ್ಮನನ್ನೂ ಅತ್ತೆಯನ್ನೂ ಊರಿನ ಹಿರಿಯ ಹೆಂಗಸರನ್ನೂ ಆಮಾ ಎಂದೇ ಕರೆಯುವುದು. "ನೀಮಾ ಅಲ್ಲೇ ಕೂರೋದು."

"ಇವತ್ತು ಕೂತಿರ್ಲಿಲ್ಲವಲ್ಲ."

"ನಾಳೆ ಕೂರ್ತಾಳೆ."

ಐತಮಾಯಾ ಮುದ್ದೆಯನ್ನು ತಟ್ಟೆಗೆ ಹಾಕಿದಳು. "ಹೆಡ್‌ಸರ್ ಪೇಟೆಯಿಂದ ಇಂಜಿನಿಯರ್‌ನ ಕರೆಸ್ತಾರಂತೆ. ಕಟ್ಟಡ ಎಷ್ಟು ಗಟ್ಟಿ ಇದೆ ಅಂತ ನೋಡೋಕೆ," ಎಂದು ಡೋಲ್ಮಾ ಹೇಳಿದಾಗ ಮಾತ್ರ ಅತ್ತೆಯ ಮುಖ ಕೆಂಪಾಯಿತು. "ನನ್ನ ಸ್ಕೂಲನ್ನ ನೋಡೋಕೆ ಪೇಟೆಯಿಂದ ಯಾಕೆ ಬರಬೇಕು? ನನ್ನ ಕೇಳಲಿ. ಅದರ ಒಂದೊಂದು ಕಲ್ಲೂ ನನಗೆ ಗೊತ್ತು."

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಲಪ್ಸೀಬೋಟ್‌ಗೆ ಸ್ಕೂಲು ಬೇಕೆಂದು ಮೊದಲು ಹಟ ಹಿಡಿದವನು ಐತಮಾಯಾಳ ಅಪ್ಪ. ಸರ್ಕಾರ ಕಟ್ಟಿಕೊಡುವ ಕಾಲವಲ್ಲ ಅದು. ಮನೆಗೊಬ್ಬರಂತೆ ದುಡಿಯಬೇಕೆಂದು ಊರವರೇ ಮಾತಾಡಿಕೊಂಡರು. ಗಂಡಸರು ಗೋಡೆ ಕಟ್ಟಿದರು. ಕೆಳಗಿನ ಹೊಳೆಯಿಂದ ಕಲ್ಲು ಹೊತ್ತು ತಂದವರು ಹೆಚ್ಚಾಗಿ ಮಕ್ಕಳು. ಆಗ ಐತಮಾಯಾಗೆ ಹತ್ತು ವರ್ಷವಿರಬೇಕು. ಬೆನ್ನಿಗೆ ಬಿದಿರಿನ ಬುಟ್ಟಿ, ಹಣೆಗೆ ಅದರ ಪಟ್ಟಿ. ಒಂದು ಚಳಿಗಾಲವಿಡೀ ಆ ಏರು ದಾರಿಯಲ್ಲಿ ಅವಳು ಕಲ್ಲು ಹೊತ್ತಳು. ಹಣೆಯ ಮೇಲೆ ಆ ಪಟ್ಟಿಯ ಗುರುತು ಬಹಳ ದಿನ ಉಳಿದಿತ್ತು.

ಸ್ಕೂಲು ಶುರುವಾದ ದಿನ ಹೊಸ ಟೋಪಿ ಹಾಕಿಕೊಂಡು ಹುಡುಗರು ಒಳಗೆ ಹೋದರು. ಹುಡುಗಿಯರು ಕುಡುಗೋಲು ಹಿಡಿದು ಹುಲ್ಲು ಕೊಯ್ಯಲು ಹೋದರು. ಐತಮಾಯಾ ಆ ಬಾಗಿಲೊಳಗೆ ವಿದ್ಯಾರ್ಥಿಯಾಗಿ ಕಾಲಿಡಲೇ ಇಲ್ಲ. ಆದರೂ ಜೀವಮಾನವಿಡೀ ಅದನ್ನು 'ನನ್ನ ಸ್ಕೂಲು' ಅಂದಳು. ಇಂಜಿನಿಯರ್ ಬರುತ್ತಾರೆ ಎಂದಾಗ ಯಾರೋ ತನ್ನ ಅಪ್ಪನ ಮೇಲೇ ದೂರು ಕೊಟ್ಟ ಹಾಗೆ ಅವಳಿಗೆ ಅನಿಸಿತು.

ಹಾದಿಯ ತಿರುವಿನಲ್ಲಿ ಚಹಾ ಅಂಗಡಿ ಇಟ್ಟಿದ್ದ ಜಿತ್ ಬಹಾದುರ್‌ಗೆ ಇಷ್ಟು ಸಾಕಾಗಿತ್ತು. "ದೀದಿ, ನಿನ್ನ ಸ್ಕೂಲಿಗೆ ಜ್ವರವಂತೆ. ಡಾಕ್ಟರ್ ಬರ್ತಾರಂತೆ," ಎಂದು ಕೆಣಕಿದ.

"ಬರ್ಲಿ ಬಿಡು. ನಾಡಿ ಹಿಡಿದು ನೋಡಿ, ನನಗಿಂತ ಗಟ್ಟಿಯಾಗಿದೆ ಅಂತ ಹೇಳಿ ಹೋಗ್ತಾರೆ."

"ಅಷ್ಟು ದೂರದಿಂದ ಬಂದು ಸುಮ್ನೆ ಹೋಗ್ತಾರಾ? ಒಂದು ಇಂಜೆಕ್ಷನ್ ಆದ್ರೂ ಚುಚ್ತಾರೆ."

ಬಂದವಳು ಸುಮೇಧಾ ಮಹರ್ಜನ್ ಎಂಬ ಯುವತಿ. ಏರು ದಾರಿ ಹತ್ತಿ ಏದುಸಿರು ಬಿಡುತ್ತಿದ್ದರೂ ಕೂರಲಿಲ್ಲ. ಶಾಲೆಯೊಳಗೂ ಹೋಗಲಿಲ್ಲ. ಮೊದಲು ಕಟ್ಟಡದ ಹಿಂದೆ ಹೋಗಿ, ಬೆನ್ನು ತಿರುಗಿಸಿ ಗುಡ್ಡವನ್ನು ನೋಡುತ್ತ ನಿಂತಳು. ಬೆಳಿಗ್ಗೆಯಿಂದಲೇ ಕಾದಿದ್ದ ಐತಮಾಯಾ ಹಿಂದೆಯೇ ಬಂದಳು.

"ಸ್ಕೂಲು ಈ ಕಡೆ ಇದೆ ಮಗಳೇ."

ಸುಮೇಧಾ ನಕ್ಕಳು. "ಸ್ಕೂಲಿನ ಬೆನ್ನಿಗೆ ಏನಿದೆ ಅಂತ ನೋಡ್ತಿದ್ದೆ ಆಮಾ. ಮಳೆ ಬಂದ್ರೆ ಗುಡ್ಡದ ನೀರು ಎಲ್ಲಿಗೆ ಹೋಗುತ್ತೆ?"

"ಇಲ್ಲೇ ಬರುತ್ತೆ, ಗೋಡೆ ಬುಡಕ್ಕೆ. ಮತ್ತೆಲ್ಲಿ ಹೋಗುತ್ತೆ?" ಎಂದ ಐತಮಾಯಾ, ಹೇಳಿದ ಮೇಲೆ ಗೋಡೆಯ ಬುಡ ನೋಡಿದಳು. ಮೊಳದೆತ್ತರ ಪಾಚಿ ಕಟ್ಟಿತ್ತು. ದಿನವೂ ಆ ದಾರಿಯಲ್ಲೇ ಓಡಾಡಿದ್ದಳು. ಪಾಚಿ ಕಂಡಿತ್ತು. ಅದನ್ನು ಗೋಡೆಯ ರೋಗ ಎಂದು ಯಾವತ್ತೂ ತಿಳಿದಿರಲಿಲ್ಲ.

ಸುಮೇಧಾ ಕಟ್ಟಡವನ್ನು ಸುತ್ತಿದಳು. ಡೋಲ್ಮಾ ಜೊತೆಗಿದ್ದಳು, ಹೆಡ್‌ಸರ್ ಜೊತೆಗಿದ್ದರು. ಮೂಲೆಯಲ್ಲಿ ಎರಡು ಗೋಡೆ ಸೇರುವ ಕಡೆ ಬಿರುಕಿತ್ತು. ಸುಮೇಧಾ ಬಿರುಕಿನೊಳಗೆ ಬೆರಳಿಟ್ಟಳು. ಬೆರಳು ಪೂರ್ತಿ ಒಳಗೆ ಹೋಯಿತು. ತಲೆ ಎತ್ತಿ ಮಾಡನ್ನು ನೋಡಿದಳು. ಅದಕ್ಕೆ ಹೊದಿಸಿದ್ದು ಕಲ್ಲಿನ ಚಪ್ಪಡಿ. "ಇಷ್ಟು ಭಾರ ತಲೆ ಮೇಲೆ ಇಟ್ಕೊಂಡು ನಿಂತಿದೆ, ಪಾಪ," ಅಂದಳು.

ಆಮೇಲೆ ಒಂದು ವಿಚಿತ್ರ ಕೆಲಸ ಮಾಡಿಸಿದಳು. ಮಕ್ಕಳೆಲ್ಲ ಪಾಠ ಕೇಳುತ್ತಿರುವಾಗ ಗಂಟೆ ಹೊಡೆಸಿ, "ಎಲ್ಲರೂ ಹೊರಗೆ ಓಡಿ ಬನ್ನಿ" ಎಂದು ಕೂಗಿಸಿದಳು. ಮಕ್ಕಳು ಖುಷಿಯಿಂದ ನುಗ್ಗಿದರು. ಆದರೆ ತರಗತಿಯ ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಮುಂದಿನ ಮಕ್ಕಳು ಬಾಗಿಲು ಎಳೆಯಬೇಕು, ಹಿಂದಿನವರು ಅವರನ್ನು ತಳ್ಳುತ್ತಿದ್ದಾರೆ. ಬಾಗಿಲು ಅರ್ಧ ತೆರೆದು ನಿಂತಿತು. ಹೊರಗೆ ನಿಂತ ಐತಮಾಯಾ ಮೊದಲು ನಕ್ಕಳು. ಬಾಗಿಲ ಸಂದಿಯಲ್ಲಿ ನೀಮಾಳ ಮುಖ ಒತ್ತಿಹಿಡಿದಂತೆ ಕಂಡಾಗ ನಗು ನಿಂತಿತು. ಹೆಡ್‌ಸರ್ ಒಳಗಿನವರನ್ನು ಹಿಂದೆ ಸರಿಸಿ ಬಾಗಿಲು ಬಿಡಿಸಿದರು. ಮಕ್ಕಳು ಹೊರಬಂದರು. ಒಬ್ಬ ಹುಡುಗಿಯ ಮೊಣಕಾಲು ತರಚಿತ್ತು.

"ಇದು ಆಟ," ಅಂದಳು ಸುಮೇಧಾ. "ನಿಜವಾಗಿ ಭೂಮಿ ಅಲುಗಿದಾಗ ಇವರನ್ನ ಹಿಂದೆ ಸರಿಸೋಕೆ ಯಾರಿರ್ತಾರೆ?"

ಕೊನೆಗೆ ಶೌಚಾಲಯ ನೋಡಿದರು. ಹುಡುಗಿಯರ ಶೌಚಾಲಯಕ್ಕೆ ಚಿಲಕವಿರಲಿಲ್ಲ, ನೀರೂ ಇರಲಿಲ್ಲ. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದರೆ ವಾಪಸ್ ಬರುವುದಿಲ್ಲ ಎಂದು ಹೆಡ್‌ಸರ್ ಹೇಳಿಕೊಂಡರು. ಸುಮೇಧಾ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

"ಇದೆಲ್ಲ ಯಾಕೆ ಬರೀಬೇಕು?" ಅಂದಳು ಐತಮಾಯಾ. "ನಮ್ಮ ಕಾಲದಲ್ಲಿ ಹುಡುಗೀರು ಚಿಲಕ ಕೇಳ್ತಿರ್ಲಿಲ್ಲ."

"ನಿಮ್ಮ ಕಾಲದಲ್ಲಿ ಹುಡುಗೀರನ್ನ ಸ್ಕೂಲಿಗೇ ಬಿಡ್ತಿರ್ಲಿಲ್ಲ ಆಮಾ," ಅಂದಳು ಡೋಲ್ಮಾ. ಕೊಂಕಿನ ಧ್ವನಿಯಲ್ಲಿ ಹೇಳಲಿಲ್ಲ. ಆದರೂ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಸುಮೇಧಾ ಕೇಳಿದಳು: "ಗೋಡೆ ಒಳಗೆ ಹೇಗಿದೆ ಅಂತ ನೋಡಬೇಕು. ಒಂದು ಕಡೆ ನಾಲ್ಕಾರು ಕಲ್ಲು ತೆಗೀಬೇಕಾಗುತ್ತೆ. ಎಲ್ಲಿ ತೆಗೀಲಿ ಆಮಾ? ನೀವೇ ಹೇಳಿ."

ಐತಮಾಯಾ ಗತ್ತಿನಿಂದ ಮುಂದೆ ಬಂದು ಉತ್ತರದ ಮೂಲೆಯ ಕಿಟಕಿಯ ಪಕ್ಕ ಕೈಯಿಟ್ಟಳು. "ಇಲ್ಲಿ ತೆಗಿ. ಇದು ನಮ್ಮಪ್ಪ ಕಟ್ಟಿದ್ದು. ಸಬ್ಬಲ್ಲು ಮುರಿದುಹೋದ್ರೆ ನನ್ನ ಕೇಳಬೇಡ."

ಸಬ್ಬಲ್ಲಿಗೆ ಕೆಲಸವೇ ಬೀಳಲಿಲ್ಲ. ಗಿಲಾವು ಕೆರೆದು ಮೊದಲ ಕಲ್ಲನ್ನು ಅಲುಗಾಡಿಸಿದರೆ ಕೈಗೇ ಬಂತು. ಎರಡನೆಯದೂ ಬಂತು. ಅದರ ಹಿಂದಿದ್ದದ್ದು ಒಣಗಿ ಹಿಟ್ಟಾದ ಮಣ್ಣು ಮತ್ತು ಚೂರುಗಲ್ಲು. ಸಣ್ಣಗೆ ಜರಜರ ಸುರಿಯಿತು. ಸುರಿದು ನಿಂತ ಮೇಲೆ ಅಲ್ಲೊಂದು ಪೊಟರೆ ಉಳಿಯಿತು. ಸುಮೇಧಾ ಐತಮಾಯಾಳ ಕೈ ಹಿಡಿದು ಅದರೊಳಗೆ ಇಡಿಸಿದಳು. ಮೊಣಕೈವರೆಗೆ ಹೋಯಿತು.

"ಹೊರಗಿನಿಂದ ನೋಡಿದ್ರೆ ಒಂದೇ ದಪ್ಪ ಗೋಡೆ," ಅಂದಳು ಸುಮೇಧಾ ಮೆಲ್ಲಗೆ. "ಒಳಗೆ ಎರಡು ತೆಳು ಗೋಡೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ಕೈ ಹಿಡ್ಕೊಂಡಿಲ್ಲ. ನಡುನಡುವೆ ಈ ಕಡೆಯಿಂದ ಆ ಕಡೆಗೆ ತಾಗೋ ಉದ್ದಗಲ್ಲು ಇರಬೇಕಿತ್ತು. ಅವೇ ಇವೆರಡನ್ನೂ ಹಿಡಿಯೋದು. ಅವಿಲ್ಲದೆ ಭೂಮಿ ಅಲುಗಿದ್ರೆ ಒಂದು ಗೋಡೆ ಹೊರಗೆ ಬೀಳುತ್ತೆ, ಇನ್ನೊಂದು ಒಳಗೆ, ಮಕ್ಕಳ ಮೇಲೆ. ಆಮೇಲೆ ಮಾಡೂ ಬೀಳುತ್ತೆ."

ಐತಮಾಯಾ ಕೈ ಹೊರಗೆ ತೆಗೆಯಲಿಲ್ಲ. ಒಳಗಿನ ಚೂರುಗಲ್ಲುಗಳನ್ನು ಬೆರಳಿನಿಂದ ತಡವುತ್ತಿದ್ದಳು. ಎಲ್ಲವೂ ಸಣ್ಣವು. ಮುಷ್ಟಿಗಾತ್ರದವು, ಹೆಚ್ಚೆಂದರೆ ತೆಂಗಿನಕಾಯಿ ಗಾತ್ರದವು.

"ಉದ್ದಗಲ್ಲು ಹೊಳೆಯಲ್ಲಿ ಬೇಕಾದಷ್ಟಿತ್ತು," ಅಂದಳು ಕೊನೆಗೆ. "ಹೊರೋಕೆ ಆಗ್ತಿರ್ಲಿಲ್ಲ. ನಾವು ಮಕ್ಕಳು. ಎತ್ತೋಕಾದದ್ದನ್ನ ತಂದ್ವಿ."

ಹೆಡ್‌ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಅದರಲ್ಲಿ ತಪ್ಪೇನಿದೆ ಆಮಾ?" ಅಂದಳು ಸುಮೇಧಾ. "ನೀವು ತಂದ ಕಲ್ಲಿನ ಕೆಳಗೆ ಇಷ್ಟು ವರ್ಷ ಎಷ್ಟು ಜನ ಓದಿದ್ರು. ಇದನ್ನ ಕೆಡವಿ ಅಂತ ನಾನು ಹೇಳ್ತಿಲ್ಲ. ಗುಡ್ಡ ಗಟ್ಟಿಯಾಗಿದೆ, ಅಡಿಪಾಯ ಪರವಾಗಿಲ್ಲ. ಗೋಡೆಗೆ ಬಲ ಕೊಡೋ ವಿದ್ಯೆ ಈಗ ಇದೆ. ಅವತ್ತು ನಿಮ್ಮಪ್ಪನಿಗೆ ಹೇಳಿಕೊಡೋರು ಇರ್ಲಿಲ್ಲ, ಅಷ್ಟೆ."

ಆ ಸಂಜೆ ಐತಮಾಯಾ ಒಬ್ಬಳೇ ಹೊಳೆಗೆ ಇಳಿದಳು. ದಡದಲ್ಲಿ ಆಳುದ್ದದ ಕಲ್ಲುಗಳು ಹಾಗೇ ಮಲಗಿದ್ದವು. ಅವುಗಳ ಮೇಲೆ ಕೂತು ಹೊತ್ತು ಮುಳುಗುವವರೆಗೆ ನೀರು ನೋಡಿದಳು. ಮನೆಗೆ ಬಂದು ಸೊಸೆಯನ್ನು ಕೇಳಿದ್ದು ಒಂದೇ ಮಾತು. "ನಾಡಿದ್ದು ಸಮಿತಿ ಸಭೆಗೆ ನಾನು ಬರಬಹುದಾ?"

"ಊರವರೆಲ್ಲ ಬರಬಹುದು ಆಮಾ. ಬರಬೇಕು ಅಂತಾನೇ ಸಭೆ ಕರೆಯೋದು."

ಸಭೆಯಲ್ಲಿ ಮಾತು ಎಲ್ಲೆಲ್ಲೋ ಹೋಯಿತು. ಜಿಲ್ಲೆಯ ಕಚೇರಿಯಿಂದ ಸ್ವಲ್ಪ ನೆರವು ಸಿಗುವುದಿತ್ತು. ಅದರಲ್ಲಿ ಮೊದಲು ದೊಡ್ಡ ಗೇಟು ಹಾಕಿಸೋಣ, ಮೇಲೆ ಊರಿನ ಹೆಸರು ಬರೆಸೋಣ ಎಂದರು ಕೆಲವರು. ಬಣ್ಣ ಬಳಿಸೋಣ, ಕೆಳಗಿನ ರಸ್ತೆಯಿಂದ ನೋಡಿದರೆ ಹೊಳೆಯಬೇಕು ಎಂದರು ಇನ್ನು ಕೆಲವರು. ಜಿತ್ ಬಹಾದುರ್ ಎದ್ದುನಿಂತ. "ಭೂಕಂಪ ಭೂಕಂಪ ಅಂತೀರಲ್ಲ, ಅದು ಬಂದಿದ್ದು ನಮ್ಮಜ್ಜನ ಕಾಲದಲ್ಲಿ. ಯಾವತ್ತೋ ಬರೋದಕ್ಕೆ ಇವತ್ತು ಗೋಡೆ ರಿಪೇರಿ ಅಂತ ಮಕ್ಕಳನ್ನ ಗುಡಿಸಲಲ್ಲಿ ಕೂರಿಸಬೇಕಾ?"

ಐತಮಾಯಾ ಕೂತಲ್ಲಿಂದಲೇ ಹೇಳಿದಳು. "ನಿಮ್ಮಜ್ಜನ ಕಾಲದಲ್ಲಿ ಬಂದಿತ್ತು ಅಂದ್ರೆ ಈಗ ಮತ್ತೆ ಬರೋ ಹೊತ್ತಾಯ್ತು ಅಂತಾನೇ ಲೆಕ್ಕ, ಜಿತೇ."

ಜನ ನಕ್ಕರು. ಅವಳು ಎದ್ದಳು. ಸಭೆಯಲ್ಲಿ ಎದ್ದು ಮಾತಾಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗನ್ನು ಹಿಡಿದುಕೊಂಡಳು.

"ಆ ಗೋಡೆ ನೋಡಿ ಅತಿ ಹೆಚ್ಚು ಹೆಮ್ಮೆ ಪಟ್ಟಿದ್ದು ನಾನು. ನಿಮಗೆಲ್ಲ ಗೊತ್ತು. ಮೊನ್ನೆ ಅದರೊಳಗೆ ನನ್ನ ಕೈ ಹೋಯ್ತು. ಈ ಕೈ. ನಿಮ್ಮಲ್ಲಿ ಯಾರಿಗೆ ನಂಬಿಕೆ ಇಲ್ವೋ, ಆ ಪೊಟರೆ ಇನ್ನೂ ಮುಚ್ಚಿಲ್ಲ, ಹೋಗಿ ಕೈ ಹಾಕಿ ನೋಡಿ. ಆಮೇಲೆ ಬಂದು ಗೇಟಿನ ಮಾತಾಡಿ. ಗೇಟು ಯಾರ ತಲೆ ಮೇಲೂ ಬೀಳಲ್ಲ. ಗೋಡೆ ಬೀಳುತ್ತೆ. ನಮ್ಮ ಅಪ್ಪಂದಿರು ಆಗ ತಮಗೆ ತಿಳಿದಷ್ಟು ಮಾಡಿದ್ರು. ನಾವು ತಿಳಿದೂ ಸುಮ್ನಿದ್ರೆ ಅವರ ಮಕ್ಕಳು ಅಂತ ಹೇಳ್ಕೊಳ್ಳೋದು ಹೇಗೆ?"

ಒಬ್ಬೊಬ್ಬರಾಗಿ ಎದ್ದು ಹೋಗಿ ಆ ಪೊಟರೆಯಲ್ಲಿ ಕೈಯಿಟ್ಟು ಬಂದರು. ಜಿತ್ ಬಹಾದುರ್ ಕೂಡ ಹೋದ. ವಾಪಸ್ ಬಂದವನು ಕೈಗೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಕೂತ. ಗೇಟಿನ ಮಾತು ಮತ್ತೆ ಏಳಲಿಲ್ಲ. ಕಚೇರಿಯ ನೆರವು ಸಾಮಾನಿಗೆ, ಕೆಲಸಕ್ಕೆ ಮನೆಗೊಬ್ಬರು ಎಂದು ತೀರ್ಮಾನವಾಯಿತು.

ಆ ಚಳಿಗಾಲ ಲಪ್ಸೀಬೋಟ್‌ನಲ್ಲಿ ಯಾರೂ ಬೆಂಕಿ ಮುಂದೆ ಕೂತು ಕಾಲ ಕಳೆಯಲಿಲ್ಲ. ಮಕ್ಕಳಿಗೆ ಬಯಲಲ್ಲಿ ಬಿದಿರಿನ ಚಪ್ಪರ ಎದ್ದಿತು. ಮಾಡಿನ ಕಲ್ಲಿನ ಚಪ್ಪಡಿಗಳನ್ನು ಇಳಿಸಿ ಹಗುರವಾದ ತಗಡು ಹೊದಿಸಿದರು. ಮಾಡಿನ ಮರವನ್ನು ಗೋಡೆಗೆ ಬಿಗಿದರು. ಎರಡು ತುದಿಯಲ್ಲಿ ಮಾಡಿನ ಎತ್ತರದವರೆಗೆ ಮೂರು ಮೂಲೆಯಾಗಿ ಎದ್ದಿದ್ದ ಕಲ್ಲುಗೋಡೆಯನ್ನು ತೆಗೆದು ಅಲ್ಲೂ ತಗಡೇ ಹಾಕಿದರು. ಗೋಡೆಯ ಒಳಮೈಗೂ ಹೊರಮೈಗೂ ಕಬ್ಬಿಣದ ತಂತಿ ಬಲೆ ಹೊದಿಸಿ, ನಡುನಡುವೆ ತೂತು ಕೊರೆದು ಕಂಬಿಯಿಂದ ಎರಡೂ ಬಲೆಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಸಿಮೆಂಟು ಬಳಿದರು.

"ಗೋಡೆಗೆ ಬಲೆ ಹಾಕ್ತಿದ್ದಾರಲ್ಲ, ಮೀನು ಹಿಡಿಯೋಕಾ?" ಎಂದ ಜಿತ್ ಬಹಾದುರ್. ಅವನ ಬಾಯಿ ಸುಮ್ಮನಿರುವುದಿಲ್ಲ. ಆದರೆ ದಿನವೂ ಮಧ್ಯಾಹ್ನ ಕೆಲಸದವರಿಗೆ ದೊಡ್ಡ ಪಾತ್ರೆಯಲ್ಲಿ ಚಹಾ ತರುತ್ತಿದ್ದವನೂ ಅವನೇ.

ಹೆಂಗಸರು ಹೊಳೆಯಿಂದ ಮರಳು ಹೊತ್ತರು. ಅದೇ ಏರು ದಾರಿ. ಐತಮಾಯಾ ಹೊರಲು ಬಂದಾಗ ಹುಡುಗಿಯರು ಬುಟ್ಟಿ ಕಿತ್ತುಕೊಂಡು, "ನಿಮ್ಮ ಪಾಲು ಯಾವತ್ತೋ ಹೊತ್ತಾಯ್ತು ಆಮಾ, ಕೂತ್ಕೊಳ್ಳಿ," ಅಂದರು. ಅವಳು ಕೂರಲಿಲ್ಲ. ಕೆಲಸ ನೋಡುವ ಹೊಣೆ ತಾನೇ ಹೊತ್ತುಕೊಂಡಳು. ಒಂದು ದಿನ ಪೇಟೆಯಿಂದ ಬಂದ ಗಾರೆಯವನು ಹಿಂಬದಿಯ ಗೋಡೆಯಲ್ಲಿ ನಡುವಿನ ಕಂಬಿಗಳನ್ನು ಕಟ್ಟದೆ ಸಿಮೆಂಟು ಮೆತ್ತಲು ಹೊರಟ.

"ಕಂಬಿ ಎಲ್ಲಿ?" ಅಂದಳು.

"ಹಿಂದಿನ ಗೋಡೆ ತಾನೆ ಆಮಾ. ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಕಾಣದ ಕಡೆನೇ ನೋಡೋದು ನಾನು. ಮುಂದಿನ ಕಡೆ ಎಲ್ಲರೂ ನೋಡ್ತಾರೆ."

ಕಂಬಿ ಕಟ್ಟುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಕೆಲಸದ ನಡುವೆ ಎರಡು ಸಲ ಬಂದ ಸುಮೇಧಾ, ಆ ಗೋಡೆಯನ್ನು ತಟ್ಟಿ ನೋಡಿ ಐತಮಾಯಾಳ ಕಡೆ ತಿರುಗಿ ತಲೆದೂಗಿದಳು.

ಬೇಸಿಗೆಯ ಹೊತ್ತಿಗೆ ಶಾಲೆ ಸಿದ್ಧವಾಯಿತು. ಗುಡ್ಡದ ನೀರು ಬೇರೆ ಕಡೆ ಹರಿಯುವಂತೆ ಕಾಲುವೆ ತೋಡಿದ್ದರು. ಬಾಗಿಲುಗಳೆಲ್ಲ ಈಗ ಹೊರಮುಖವಾಗಿ ತೆರೆಯುತ್ತಿದ್ದವು. ಹುಡುಗಿಯರ ಶೌಚಾಲಯಕ್ಕೆ ನೀರು ಬಂತು, ಚಿಲಕ ಬಂತು. ಮಧ್ಯಾಹ್ನ ಮನೆಗೆ ಹೋಗುತ್ತಿದ್ದ ದೊಡ್ಡ ಹುಡುಗಿಯರು ಹೋಗುವುದನ್ನು ಬಿಟ್ಟರು. ಆಚೀಚಿನ ಊರವರು ಸಂತೆಗೆ ಹೋಗುವಾಗ ನಿಂತು ನೋಡುತ್ತಿದ್ದರು. ಐತಮಾಯಾಗೆ ಆ ದಾರಿಯಲ್ಲಿ ಏನೂ ಕೆಲಸವಿಲ್ಲದಿದ್ದರೂ ಸಂತೆಯ ದಿನ ಅಲ್ಲೇ ಓಡಾಡುತ್ತಿದ್ದಳು.

ಇನ್ನೊಂದು ಸಂಗತಿಯೂ ನಡೆಯಿತು. ಶನಿವಾರ ಶಾಲೆಗೆ ರಜೆ. ಆ ದಿನ ಅಮ್ಮಂದಿರಿಗೆ ಓದು ಬರಹ ಕಲಿಸುತ್ತೇನೆ ಎಂದು ಡೋಲ್ಮಾ ಹೇಳಿದಳು. ಮೊದಲ ಶನಿವಾರ ಐತಮಾಯಾ ಬಾಗಿಲ ಹೊರಗೆ ತುಸು ಹೊತ್ತು ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ನೀಮಾ ಕೂತು, "ಹಾಗಲ್ಲ ಅಜ್ಜಿ, ಈ ಅಕ್ಷರದ ಹೊಟ್ಟೆ ಇನ್ನೂ ದುಂಡಗೆ ಇರಬೇಕು," ಎಂದು ತಿದ್ದುತ್ತಿದ್ದಳು.

ಎರಡು ವರ್ಷ ಕಳೆದು ಮೂರನೆಯ ವೈಶಾಖ. ಅದೂ ಶನಿವಾರ, ನಡುಮಧ್ಯಾಹ್ನ. ಗಂಡಸರು ಜೋಳದ ಹೊಲದಲ್ಲಿದ್ದರು. ತರಗತಿಯಲ್ಲಿ ಊರಿನ ಹೆಂಗಸರು, ಅವರ ಮಡಿಲಲ್ಲಿ ಮಕ್ಕಳು. ಡೋಲ್ಮಾ ಹಲಗೆಯ ಮೇಲೆ ಏನೋ ಬರೆಯುತ್ತಿದ್ದಳು. ಮೊದಲು ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಆಮೇಲೆ ನೆಲದ ಅಡಿಯಿಂದ ಗುಡುಗು ಕೇಳಿತು.

"ಬೆಂಚಿನ ಕೆಳಗೆ," ಎಂದು ಡೋಲ್ಮಾ ಕೂಗಿದಳು. "ಯಾರೂ ಓಡಬೇಡಿ. ತಲೆ ಮುಚ್ಕೊಳ್ಳಿ. ಕಾಲು ಹಿಡ್ಕೊಳ್ಳಿ, ಬೆಂಚಿನ ಕಾಲು."

ಮಕ್ಕಳ ಜೊತೆ ಅಮ್ಮಂದಿರೂ ಇದನ್ನು ಎಷ್ಟೋ ಸಲ ಅಭ್ಯಾಸ ಮಾಡಿದ್ದರು. ಐತಮಾಯಾ ನೀಮಾಳನ್ನು ಎಳೆದುಕೊಂಡು ಬೆಂಚಿನ ಕೆಳಗೆ ಬಿದ್ದಳು. ನೆಲ ಜರಡಿ ಹಿಡಿದ ಹಾಗೆ ಆಡುತ್ತಿತ್ತು. ತಗಡಿನ ಮಾಡು ಕಿರುಚಿತು. ಕಿಟಕಿಯ ಗಾಜು ಒಡೆದು ಉದುರಿತು. ಹೊರಗೆ ಒಂದರ ಹಿಂದೊಂದು ಏನೇನೋ ಕುಸಿಯುವ ಸದ್ದು, ಆಮೇಲೆ ಬಾಗಿಲಿನಿಂದ ದಟ್ಟ ಧೂಳು. ಐತಮಾಯಾಳ ಕಣ್ಣು ಉತ್ತರದ ಮೂಲೆಯ ಗೋಡೆಯ ಮೇಲೇ ಇತ್ತು. ಅದು ತೂಗಿತು. ಮತ್ತೆ ತೂಗಿತು. ನಿಂತಿತು.

ಅಲುಗಾಟ ಪೂರ್ತಿ ನಿಂತ ಮೇಲೆ ಡೋಲ್ಮಾ ಎಲ್ಲರನ್ನೂ ಸಾಲಾಗಿ ಹೊರಗೆ ಕಳಿಸಿದಳು. ಬಾಗಿಲು ಸರಾಗವಾಗಿ ತೆರೆಯಿತು. ಹೊರಗೆ ಬಂದವರು ಊರು ನೋಡಿ ಬಾಯಿ ಮೇಲೆ ಕೈಯಿಟ್ಟರು. ಅರ್ಧಕ್ಕರ್ಧ ಮನೆಗಳು ಕಲ್ಲಿನ ರಾಶಿಯಾಗಿದ್ದವು. ಐತಮಾಯಾಳ ಮನೆಯೂ ಬಿದ್ದಿತ್ತು. ಒಲೆಯಿದ್ದ ಜಾಗದ ಮೇಲೆ ಅಟ್ಟ ಕೂತಿತ್ತು. ಶನಿವಾರವಲ್ಲದೆ ಬೇರೆ ದಿನವಾಗಿದ್ದು ತಾವು ಮನೆಯಲ್ಲೇ ಇದ್ದಿದ್ದರೆ, ಶಾಲೆ ಹಳೆಯ ಶಾಲೆಯಾಗಿದ್ದರೆ ಎಂದು ಯೋಚಿಸುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ. ಮನೆಯಲ್ಲೇ ಉಳಿದಿದ್ದ ಇಬ್ಬರು ಹಿರಿಯರನ್ನು ಊರು ಕಳೆದುಕೊಂಡಿತು. ಶಾಲೆಯೊಳಗಿದ್ದವರಲ್ಲಿ ಒಬ್ಬರಿಗೂ ಗೀರು ಗಾಯದಾಚೆ ಏನೂ ಆಗಲಿಲ್ಲ.

ಅಂಗಡಿ ಕುಸಿದರೂ ಹೊರಗೆ ಲೋಟ ತೊಳೆಯುತ್ತಿದ್ದರಿಂದ ಬದುಕಿದ ಜಿತ್ ಬಹಾದುರ್, ಮೈತುಂಬ ಧೂಳು ಮೆತ್ತಿಕೊಂಡು ಶಾಲೆಯ ಬಯಲಿಗೆ ಬಂದ. ಐತಮಾಯಾಳ ಮುಂದೆ ನಿಂತು, "ಬೈಯಿ ದೀದಿ," ಅಂದ.

"ಬೈಯೋಕೆ ಪುರುಸೊತ್ತಿಲ್ಲ. ಮಕ್ಕಳಿಗೆ ನೀರು ಬೇಕು. ಪಾತ್ರೆ ಹುಡುಕು."

ಅಂದು ಯಾರನ್ನೂ ಡೋಲ್ಮಾ ಶಾಲೆಯೊಳಗೆ ಮಲಗಲು ಬಿಡಲಿಲ್ಲ. ಗಟ್ಟಿಯಾಗಿ ನಿಂತಿದ್ದರೂ ಬಲ್ಲವರು ನೋಡಿ ಹೇಳುವವರೆಗೆ ಒಳಗೆ ಹೋಗಬಾರದು ಎಂದಳು. ಬಯಲಲ್ಲೇ ಟಾರ್ಪಾಲು ಕಟ್ಟಿದರು. ದಾರಿ ತೆರೆದ ಕೂಡಲೇ ಸುಮೇಧಾ ನಡೆದೇ ಬಂದಳು. ಮತ್ತೆ ಮೊದಲಿನ ಹಾಗೆ ಹಿಂದಿನಿಂದ ಶುರು ಮಾಡಿ, ಗುಡ್ಡ, ಬುಡ, ಮೂಲೆ, ಮಾಡು ಎಲ್ಲ ನೋಡಿದಳು. ಸಿಮೆಂಟಿನ ಮೇಲೆ ಕೂದಲಿನಷ್ಟು ಬಿರುಕು ಅಲ್ಲಲ್ಲಿ ಎದ್ದಿತ್ತು. ಕೊನೆಯ ಕೋಣೆಯ ಒಂದು ಬಿರುಕು ಮಾತ್ರ ಅಗಲವಾಗಿತ್ತು. "ಇದು ರಿಪೇರಿ ಆಗೋವರೆಗೆ ಈ ಕೋಣೆಗೆ ಬೀಗ. ಉಳಿದದ್ದು ಬಳಸಬಹುದು," ಎಂದು ಶಾಲೆಯ ಮುಂಬಾಗಿಲಿಗೆ ಸುರಕ್ಷಿತ ಎಂಬ ಗುರುತಿನ ಹಸಿರು ಚೀಟಿ ಅಂಟಿಸಿದಳು. ಆ ಸುತ್ತಿನಲ್ಲಿ ಹಸಿರು ಚೀಟಿ ಸಿಕ್ಕ ಹಳೆಯ ಕಲ್ಲಿನ ಶಾಲೆ ಅದೊಂದೇ. ಅಲ್ಲಿಂದ ಅದೇ ಔಷಧದ ಕೋಣೆ, ಅದೇ ಅಕ್ಕಿ ಹಂಚುವ ಕೋಣೆ. ಒಂದು ಬೆಳಿಗ್ಗೆ ಎರಡನೇ ತರಗತಿಯ ಕೋಣೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು.

ಮಳೆ ಶುರುವಾಗುವ ಮುಂಚೆ ಎದುರು ಗುಡ್ಡದ ಊರಿನಿಂದ ಜನ ಬಂದರು. ಅವರ ಶಾಲೆ ನೆಲಸಮವಾಗಿತ್ತು. ಶನಿವಾರವಾದ್ದರಿಂದ ಒಳಗೆ ಮಕ್ಕಳಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಅದಕ್ಕೆ ಗುಲಾಬಿ ಬಣ್ಣ ಬಳಿಸಿದ್ದರು. ಬಂದವರಲ್ಲಿ ಒಬ್ಬ ಹೆಂಗಸು ಲಪ್ಸೀಬೋಟ್ ಶಾಲೆಯ ಗೋಡೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಳು.

"ನೀವೇನು ಮಾಡಿದ್ರಿ ಇದಕ್ಕೆ?" ಎಂದು ಕೇಳಿದಳು.

ಐತಮಾಯಾ ನೆಟ್ಟಗೆ ನಿಂತಳು. ಅವಳ ಮನೆ ಬಿದ್ದಿತ್ತು. ಮೈಮೇಲಿದ್ದ ಸೀರೆ ಯಾರೋ ಕೊಟ್ಟದ್ದು. ಆದರೂ ಆ ಹೊತ್ತು ಅವಳನ್ನು ನೋಡಿದವರು, ಇಡೀ ಗುಡ್ಡಕ್ಕೇ ಒಡತಿ ಇವಳೇ ಅಂದುಕೊಳ್ಳಬೇಕಿತ್ತು.

"ಮೊದಲು ತೆರೆದು ನೋಡಿದ್ವಿ," ಅಂದಳು. "ನೋಡಿದ್ದಕ್ಕೆ ಬೇಜಾರಾಯ್ತು. ಬೇಜಾರು ಮಾಡ್ಕೊಂಡು ಸುಮ್ನೆ ಕೂರ್ಲಿಲ್ಲ. ಬಾ, ಹಿಂದಿನ ಗೋಡೆಯಿಂದ ತೋರಿಸ್ತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕಡೆ ಭೂಮಿ ಅಷ್ಟೊಂದು ಅಲುಗುವುದಿಲ್ಲ ಎಂದು ನೀವು ಹೇಳಬಹುದು. ಗೋಡೆ ಬೀಳಲು ಭೂಮಿಯೇ ಅಲುಗಬೇಕಿಲ್ಲ. ಸೋರುವ ಮಾಡು ಸಾಕು, ತಾರಸಿಯಲ್ಲಿ ತುಕ್ಕು ಹಿಡಿದು ಹೊರಗೆ ಇಣುಕುವ ಕಂಬಿ ಸಾಕು, ಒಂದು ಜೋರು ಮಳೆ ಸಾಕು. ತೇವದ ಗೋಡೆಯಲ್ಲಿ ನೇತಾಡುವ ವಿದ್ಯುತ್ ತಂತಿಗೂ ಯಾವ ನೆಪ ಬೇಕಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದಿದ್ದರೆ ಸದ್ದಿಲ್ಲದೆ ಬೀಳುವುದು ಅವರ ಓದು.

ನೋಡುವುದಕ್ಕೆ ನೀವು ಇಂಜಿನಿಯರ್ ಆಗಬೇಕಿಲ್ಲ. ಕಂಡದ್ದನ್ನು ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಹೇಳಿ, ಗ್ರಾಮಸಭೆಯಲ್ಲಿ ಎದ್ದು ಹೇಳಿ. ಇಂಜಿನಿಯರ್ ಬಂದು ಪರೀಕ್ಷೆ ಮಾಡಲಿ ಎಂದು ಕೇಳಿ. ಬರುವವರೆಗೆ ಕೇಳುತ್ತಲೇ ಇರಿ. ಅಪಾಯ ಕಂಡ ಕೋಣೆಯಲ್ಲಿ ಅಷ್ಟರವರೆಗೆ ಮಕ್ಕಳನ್ನು ಕೂರಿಸಬೇಡಿ. ಕೆಲಸ ನಡೆಯುವಾಗ ಹೋಗಿ ನಿಂತು ನೋಡಿ, ಅದರಲ್ಲೂ ಯಾರಿಗೂ ಕಾಣದ ಕಡೆ.

ನಾಳೆ ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡಲು ಹೋದಾಗ ಗೇಟಿನಿಂದಲೇ ವಾಪಸ್ ಬರಬೇಡಿ. ಒಳಗೆ ಹೋಗಿ, ಕಟ್ಟಡದ ಹಿಂಬದಿಗೂ ಹೋಗಿ, ನಿಮ್ಮ ಮಗು ಕೂರುವ ಜಾಗದಲ್ಲಿ ಒಂದು ಕ್ಷಣ ಕೂತು ತಲೆ ಎತ್ತಿ ಮೇಲೆ ನೋಡಿ.